ಕೆಂಪು ಊರಿಗೆ, ನವೆ ನನಗೆ

ಫಾರ್ಮಸಿಯ ಆ ಸಾಲಿನ ಮುಂದೆ ನಾನು ನಿಂತು ಕಾಲು ಗಂಟೆ ಆಗಿತ್ತು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಎಡಗಣ್ಣನ್ನು ಸ್ವೆಟರ್ ತೋಳಿನಿಂದ ಉಜ್ಜುತ್ತಿದ್ದೆ. ಎದುರಿಗೆ ತಲೆಯ ಮಟ್ಟದಿಂದ ಮಂಡಿಯ ತನಕ ಬರೀ ಕಣ್ಣಿನ ಡ್ರಾಪ್ಸ್. ಕೆಂಪು ಹೋಗಲು ಒಂದು, ನವೆ ನಿಲ್ಲಲು ಒಂದು, ಒಣಗಿದ ಕಣ್ಣಿಗೆ ಒಂದು, ಲೆನ್ಸ್ ಹಾಕುವವರಿಗೆ ಇನ್ನೊಂದು. ಕೆಲವಂತೂ ಎಲ್ಲ ಕೆಲಸವನ್ನೂ ನಾವೇ ಮಾಡಿಬಿಡುತ್ತೇವೆ ಅನ್ನುತ್ತಿದ್ದವು.

ಪಕ್ಕದಲ್ಲಿ ಅಮ್ಮ. ಶಿವಮೊಗ್ಗದಿಂದ ಆಸ್ಟಿನ್‌ಗೆ ಬಂದು ಮೂರು ವಾರ ಆಗಿತ್ತು.

"ಒಂದು ಡ್ರಾಪ್ಸ್ ತಗೊಳ್ಳಕ್ಕೆ ಇಷ್ಟೊತ್ತೇನೆ? ಸೀರೆ ಅಂಗಡೀಲೂ ನೀನು ಇಷ್ಟು ನಿಂತೋಳಲ್ಲ. ನನ್ನ ಬ್ಯಾಗಲ್ಲಿದೆ ಅಂದ್ನಲ್ಲ, ಅದನ್ನೇ ಹಾಕ್ಕೊಂಡಿದ್ರೆ ಆಗ್ತಿತ್ತು" ಅಂದಳು.

ಆ ಬ್ಯಾಗಿನ ಕತೆ ಆಮೇಲೆ. ಮೊದಲು ಈ ಕಣ್ಣೀರಿನ ಕತೆ.

ಟೆಕ್ಸಾಸ್‌ಗೆ ಬಂದ ಮೊದಲ ಎರಡು ಚಳಿಗಾಲ ನನಗೇನೂ ಆಗಲಿಲ್ಲ. ಆಫೀಸಿನಲ್ಲಿ ಅರ್ಧ ಜನ ಸೀನುತ್ತಾ, ಮೂಗು ಒರೆಸಿಕೊಳ್ಳುತ್ತಾ ಕೂತಿರುವಾಗ ಒಳಗೊಳಗೇ ಬೀಗುತ್ತಿದ್ದೆ. ಮಲೆನಾಡಿನ ಮಳೆಯಲ್ಲಿ ಬೆಳೆದ ಮೈ ಇದು, ಇಂಥದ್ದಕ್ಕೆಲ್ಲ ಬಗ್ಗುತ್ತಾ ಅಂತ. ಮೂರನೇ ವರ್ಷ ಬಗ್ಗಿತು.

ಇಲ್ಲಿನ ಗುಡ್ಡಗಳ ತುಂಬ ಒಂದು ಗಿಡ್ಡ ಮರ ಇದೆ. ಜನ ಮೌಂಟನ್ ಸೀಡರ್ ಅನ್ನುತ್ತಾರೆ. ನಿಜವಾಗಿ ಅದು ಸೀಡರ್ ಅಲ್ಲ, ಜುನಿಪರ್ ಜಾತಿಯದು. ಆಶ್ ಜುನಿಪರ್ ಅಂತ ಹೆಸರು. ಬೇರೆ ಮರಗಳು ಚಳಿ ಕಳೆಯಲಿ ಅಂತ ಕಾಯುತ್ತಿದ್ದರೆ ಇದು ನಡು ಚಳಿಗಾಲದಲ್ಲೇ ಪರಾಗ ಬಿಡುತ್ತದೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿಯವರೆಗೆ ಇದರದ್ದೇ ಕಾರುಬಾರು. ಗಂಡು ಮರಗಳು ತುಕ್ಕು ಹಿಡಿದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತವೆ. ಒಣ ಗಾಳಿ ಬೀಸಿದ ದಿನ ಮರಕ್ಕೆ ಬೆಂಕಿ ಬಿದ್ದು ಹೊಗೆ ಎದ್ದ ಹಾಗೆ ಪರಾಗ ಏಳುತ್ತದೆ. ಟಿವಿಯಲ್ಲಿ ಹವಾಮಾನದ ಜೊತೆಗೇ ಪರಾಗದ ಲೆಕ್ಕವನ್ನೂ ಹೇಳುತ್ತಾರೆ. ಇದರಿಂದ ಬರುವ ಕಾಟಕ್ಕೆ ಸೀಡರ್ ಫೀವರ್ ಅಂತ ಹೆಸರು. ಹೆಸರಿನಲ್ಲಿ ಮಾತ್ರ ಜ್ವರ. ಮೈ ಬೆಚ್ಚಗಾದರೆ ಅದು ಅಲರ್ಜಿ ಅಲ್ಲ, ಬೇರೆ ಏನೋ ಅಂತ ನೋಡಬೇಕು.

ಅದು ಮುಗಿಯಿತು ಅನ್ನುವಷ್ಟರಲ್ಲಿ ಓಕ್ ಮರಗಳ ಸರದಿ. ಮಾರ್ಚ್ ಬಂದರೆ ಕಾರುಗಳ ಮೇಲೆ ಹಳದಿ ಪುಡಿ. ಮಳೆಗಾಲದ ಬದಲು ಇಲ್ಲಿ ನನಗೆ ಪರಾಗ ಕಾಲಗಳೇ ಇವೆ. ಬೇಸಿಗೆ ಕೊನೆಯಿಂದ ರ‍್ಯಾಗ್‌ವೀಡ್ ಅನ್ನುವ ಕಳೆ. ಇದು ನಮ್ಮ ಕಾಂಗ್ರೆಸ್ ಗಿಡದ ದಾಯಾದಿ, ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಕಾಡಬಹುದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ನಮ್ಮ ರಸ್ತೆ ಬದಿಗಳನ್ನೆಲ್ಲ ನುಂಗಿದ ಆ ಗಿಡದ ತವರು ಅಮೆರಿಕ ಖಂಡ. ಟೆಕ್ಸಾಸ್‌ನಲ್ಲೂ ಅದು ಬೆಳೆಯುತ್ತದೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಶ್ರಮದಾನ ಅಂತ ಕಿತ್ತು ಹಾಕಿದ ಗಿಡ. ಅದರ ನೆಂಟರ ಮನೆಗೇ ಬಂದು ಕೂತಿದ್ದೀನಿ ಅಂತ ಒಮ್ಮೊಮ್ಮೆ ನಗು ಬರುತ್ತದೆ.

ಮೂರನೇ ಚಳಿಗಾಲದಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಕಣ್ಣು ಕೆಂಪಗಾಗಿತ್ತು. ಮೀಟಿಂಗ್‌ನಲ್ಲಿ ಒಬ್ಬರು ರಾತ್ರಿ ನಿದ್ದೆ ಆಗಲಿಲ್ವಾ ಅಂದರು. ಇನ್ನೊಬ್ಬರು ಅತ್ತಿದ್ದೀರಾ ಅಂತ ಮೆಲ್ಲಗೆ ಕೇಳಿದರು. ಅಷ್ಟೇ ಸಾಕಾಯಿತು. ಸಂಜೆ ಹೋಗಿ ಕೆಂಪು ಹೋಗಿಸುವ ಡ್ರಾಪ್ಸ್ ತಂದೆ. ಅಗ್ಗ ಬೇರೆ. ಹಾಕಿದ ಎರಡು ನಿಮಿಷಕ್ಕೆ ಕಣ್ಣು ಬೆಳ್ಳಗೆ, ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲಿನ ಹಾಗೆ. ಆಹಾ ಅನ್ನಿಸಿತು. ನವೆ ಮಾತ್ರ ಇದ್ದಲ್ಲೇ ಇತ್ತು. ಇರಲಿ, ಅದು ಯಾರಿಗೆ ಕಾಣುತ್ತೆ?

ಒಂದು ವಾರ ಆಯಿತು. ದಿನಕ್ಕೆ ಎರಡು ಸಲ ಇದ್ದದ್ದು ನಾಲ್ಕಾಯಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಹನಿ, ವಿಡಿಯೊ ಕಾಲ್‌ಗೆ ಮುಂಚೆ ಒಂದು ಹನಿ. ಬೆಳಿಗ್ಗೆ ಏಳುವಾಗ ಕಣ್ಣು ಮೊದಲಿಗಿಂತ ಜಾಸ್ತಿ ಕೆಂಪಗೆ ಇರುತ್ತಿತ್ತು. ಅಲರ್ಜಿ ಹೆಚ್ಚಾಗುತ್ತಿದೆ ಅಂದುಕೊಂಡು ಇನ್ನೂ ಹಾಕಿದೆ. ಡ್ರಾಪ್ಸ್ ಸಾಲ ಕೊಟ್ಟು ಬಡ್ಡಿ ವಸೂಲಿ ಮಾಡುತ್ತಿದೆ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು.

ಆಗಿದ್ದು ಇಷ್ಟು. ಕಣ್ಣಿನ ಬಿಳಿಯ ಮೇಲೆ, ರೆಪ್ಪೆಯ ಒಳಬದಿಯಲ್ಲಿ ಒಂದು ತೆಳು ಪೊರೆ ಇದೆ. ಅದರಲ್ಲಿ ಮಾಸ್ಟ್ ಸೆಲ್ ಅನ್ನುವ ಜೀವಕೋಶಗಳು ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಚೀಲ ಇಟ್ಟುಕೊಂಡು ಕೂತಿರುತ್ತವೆ. ಅಲರ್ಜಿ ಇರುವವರ ಕಣ್ಣಿಗೆ ಪರಾಗ ಬಿದ್ದರೆ ಆ ಚೀಲಗಳು ಬಿಚ್ಚಿಕೊಳ್ಳುತ್ತವೆ. ಹೊರಬಂದ ಹಿಸ್ಟಮಿನ್ ನರಗಳಿಗೆ ತಾಗಿ ನವೆ ಎಬ್ಬಿಸುತ್ತದೆ. ರಕ್ತನಾಳಗಳನ್ನು ಹಿಗ್ಗಿಸಿ ಕಣ್ಣು ಕೆಂಪಾಗಿಸುತ್ತದೆ. ಉಜ್ಜಿದರೆ ಇನ್ನಷ್ಟು ಚೀಲ ಬಿಚ್ಚುತ್ತವೆ. ಉಜ್ಜಿದ ಕ್ಷಣ ಹಾಯ್ ಅನ್ನಿಸಿ, ಅರ್ಧ ನಿಮಿಷಕ್ಕೆ ಎರಡರಷ್ಟು ನವೆ ಬರುವುದು ಅದಕ್ಕೇ. ನಾನು ತಂದಿದ್ದ ಡ್ರಾಪ್ಸ್‌ನಲ್ಲಿ ಇದ್ದದ್ದು ಟೆಟ್ರಾಹೈಡ್ರೊಜೊಲಿನ್. ಅದು ಹಿಗ್ಗಿದ ರಕ್ತನಾಳಗಳನ್ನು ಸುಮ್ನೆ ಬಿಗಿಯುತ್ತದೆ, ಅಷ್ಟೇ. ಹಿಸ್ಟಮಿನ್ ತಂಟೆಗೆ ಹೋಗುವುದಿಲ್ಲ. ಔಷಧಿ ಇಳಿದ ಮೇಲೆ ನಾಳಗಳು ಮತ್ತೆ ಹಿಗ್ಗುತ್ತವೆ, ದಿನಾ ಹಾಕುತ್ತಿದ್ದರೆ ಮೊದಲಿಗಿಂತಲೂ ಹೆಚ್ಚಾಗಿ.

ಕೆಂಪು ಊರಿಗೆಲ್ಲ ಕಾಣುವುದು. ನವೆ ನನಗೊಬ್ಬಳಿಗೇ ಗೊತ್ತಿರುವುದು. ಊರಿಗೆ ಕಾಣುವುದಕ್ಕೆ ಔಷಧಿ ತಂದು, ನನಗೆ ಕಾಡುವುದನ್ನು ಹಾಗೇ ಬಿಟ್ಟಿದ್ದೆ. ನಾಲ್ಕು ಜನ ಏನಂದಾರು ಅನ್ನುವ ಮಾತು ಕೇಳಿಕೊಂಡೇ ಬೆಳೆದವಳು. ಕಣ್ಣಿನ ಡ್ರಾಪ್ಸ್ ಕೊಳ್ಳುವಾಗಲೂ ಅದು ನನ್ನ ಜೊತೆ ಅಂಗಡಿಗೆ ಬಂದಿತ್ತು.

ಈಗ ನಾನು ಡಬ್ಬಿಯ ಮುಂಭಾಗ ನೋಡುವುದೇ ಇಲ್ಲ. ಅಲ್ಲಿ ಹೊಳೆಯುವ ಕಣ್ಣು, ನೀಲಿ ಹನಿ, ದೊಡ್ಡ ಅಕ್ಷರ. ತಿರುಗಿಸಿದರೆ ಹಿಂದೆ ಡ್ರಗ್ ಫ್ಯಾಕ್ಟ್ಸ್ ಅಂತ ಒಂದು ಪಟ್ಟಿ. ಇಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರುವ ಔಷಧಿಗಳ ಮೇಲೆ ಅದು ಇರಬೇಕು ಅಂತ ನಿಯಮ. ಅದರ ಮೊದಲ ಸಾಲಿನಲ್ಲೇ ಔಷಧಿಯ ಹೆಸರು, ಅದರ ಪ್ರಮಾಣ, ಅದು ಏನು ಮಾಡುತ್ತದೆ ಅನ್ನುವುದು ಇರುತ್ತದೆ. ಆ ಒಂದು ಸಾಲು ಓದಿದರೆ ಇಡೀ ಸಾಲಿನ ನೂರು ಡಬ್ಬಿಗಳು ನಾಲ್ಕೈದು ಗುಂಪಿಗೆ ಇಳಿಯುತ್ತವೆ.

ನವೆಗೆ ನಾನು ಹುಡುಕುವುದು ಎರಡೇ ಹೆಸರು. ಒಲೊಪಟಡಿನ್, ಕೆಟೊಟಿಫೆನ್. ಎರಡೂ ಹಿಸ್ಟಮಿನ್ ದಾರಿಯನ್ನೂ ಅಡ್ಡ ಕಟ್ಟುತ್ತವೆ, ಮಾಸ್ಟ್ ಸೆಲ್‌ಗಳ ಚೀಲ ಬಿಚ್ಚದ ಹಾಗೂ ನೋಡಿಕೊಳ್ಳುತ್ತವೆ. ಕೆಟೊಟಿಫೆನ್ ಇಲ್ಲಿ 2006ರಿಂದಲೇ ಚೀಟಿ ಇಲ್ಲದೆ ಸಿಗುತ್ತಿದೆ. ದಿನಕ್ಕೆ ಎರಡು ಸಲ. ಬೆಲೆ ಕಡಿಮೆ, ಹಾಕಿದಾಗ ನನಗೆ ಸ್ವಲ್ಪ ಉರಿಯುತ್ತದೆ. ಒಲೊಪಟಡಿನ್‌ಗೆ ಡಾಕ್ಟರ ಚೀಟಿ ಬೇಕಿತ್ತು, 2020ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನೂ ಚೀಟಿ ಇಲ್ಲದೆ ಮಾರಲು ಬಿಟ್ಟಿತು. ಪಾಟಡೇ ಅನ್ನುವ ಹೆಸರಿನಲ್ಲಿ ಕಾಣುವುದು ಅದೇ. ಅಂಗಡಿಯವರ ಸ್ವಂತ ಹೆಸರಿನ ಡಬ್ಬಿಗಳಲ್ಲೂ ಇರುತ್ತದೆ. 0.1 ಪರ್ಸೆಂಟ್ ಆದರೆ ದಿನಕ್ಕೆ ಎರಡು ಸಲ, 0.2 ಅಥವಾ 0.7 ಆದರೆ ಒಂದೇ ಸಲ. ನನ್ನಂಥ ಮರೆಗುಳಿಗೆ ಒಂದು ಸಲದ್ದೇ ವಾಸಿ. ಹಲ್ಲುಜ್ಜುವ ಬ್ರಷ್ ಪಕ್ಕ ಇಟ್ಟುಕೊಂಡರೆ ಮುಗಿಯಿತು. ಎಚ್‌ಎಸ್‌ಎ, ಅಂದರೆ ಔಷಧಿ ಖರ್ಚಿಗೆ ಅಂತ ತೆರಿಗೆ ಇಲ್ಲದೆ ದುಡ್ಡು ಕೂಡಿಡುವ ಖಾತೆಯ ಕಾರ್ಡ್ ಇರುವವರು ಅದರಿಂದಲೇ ಕೊಳ್ಳಬಹುದು, ಅದು 2020ರಲ್ಲೇ ಬಂದ ಅನುಕೂಲ.

ಇನ್ನೊಂದು ಗುಂಪು ಇದೆ. ನಾಫಜೊಲಿನ್ ಮತ್ತು ಫೆನಿರಮಿನ್ ಸೇರಿಸಿದ್ದು. ನವೆಗೂ ಆಯಿತು, ಕೆಂಪಿಗೂ ಆಯಿತು ಅಂತ ಜನ ತೆಗೆದುಕೊಳ್ಳುತ್ತಾರೆ. ನೆಂಟರ ಮದುವೆಯ ದಿನ ಒಂದು ಸಲ ಹಾಕಿಕೊಂಡರೆ ನನ್ನ ತಕರಾರಿಲ್ಲ. ಎರಡು ತಿಂಗಳ ಸೀಡರ್ ಕಾಲಕ್ಕೆ ಅದು ಆಗಿಬರುವುದಿಲ್ಲ. ರಕ್ತನಾಳ ಬಿಗಿಯುವ ನಾಫಜೊಲಿನ್ ಅದರಲ್ಲಿ ಇದ್ದೇ ಇದೆಯಲ್ಲ. ಕೆಲವು ಬಗೆಯ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು, ಡಬ್ಬಿಯ ಹಿಂದೆ ಅದೂ ಬರೆದಿರುತ್ತದೆ.

ಹೋಮಿಯೋಪತಿ ಅಂತ ಬರೆದ ಡಬ್ಬಿಗಳೂ ಅದೇ ಸಾಲಿನಲ್ಲಿ ಅಮಾಯಕರ ಹಾಗೆ ನಿಂತಿರುತ್ತವೆ. ಪ್ರಮಾಣದ ಜಾಗದಲ್ಲಿ 6ಎಕ್ಸ್, 12ಎಕ್ಸ್ ಅಂತ ಇದ್ದರೆ ಅದು. ನಾನು ಮುಟ್ಟುವುದಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ, ಲಿವರ್ ಅಂತ ಕಾವಲುಗಾರರು ಇರುತ್ತಾರೆ, ಕಣ್ಣಿಗೆ ಹಾಕಿದ್ದಕ್ಕೆ ಅಂಥ ಕಾವಲು ಇಲ್ಲ. ಇದು ಬರೀ ಹೆದರಿಕೆ ಅಲ್ಲ. 2023ರಲ್ಲಿ ಇಲ್ಲಿ ಒಂದು ಬಗೆಯ ಕೃತಕ ಕಣ್ಣೀರಿನ ಡ್ರಾಪ್ಸ್‌ನಲ್ಲಿ ಔಷಧಿಗೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಕೆಲವರ ದೃಷ್ಟಿ ಹೋಯಿತು, ಪ್ರಾಣವೂ ಹೋಯಿತು. ಆ ಡ್ರಾಪ್ಸ್ ತಯಾರಾಗಿದ್ದು ಚೆನ್ನೈ ಕಡೆಯ ಕಾರ್ಖಾನೆಯಲ್ಲಿ. ಆ ವರ್ಷ ಆಫೀಸಿನಲ್ಲಿ ಯಾರೋ ಅದರ ಮಾತೆತ್ತಿದಾಗ, ನಾನೇ ಮಾಡಿ ಕಳಿಸಿದವಳ ಹಾಗೆ ತಲೆ ತಗ್ಗಿಸಿದೆ. ಅಂದಿನಿಂದ ಹೊಸ ಡ್ರಾಪ್ಸ್ ತರುವ ಮುಂಚೆ ಎಫ್‌ಡಿಎ ವಾಪಸ್ ತರಿಸಿದ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ಅಂತ ಫೋನಿನಲ್ಲಿ ನೋಡುತ್ತೇನೆ.

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಬೇಸಿಗೆಯ ಹುಲ್ಲಿನ ಪರಾಗದ ಕಾಟ. ಅವಳು ಹಾಕುವುದು ಸೋಡಿಯಂ ಕ್ರೊಮೊಗ್ಲಿಕೇಟ್. ಅಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ, ದಿನಕ್ಕೆ ನಾಲ್ಕು ಸಲ ಹಾಕಬೇಕು. ಪರಾಗ ಶುರುವಾಗುವ ಮುಂಚೆಯೇ ಹಾಕಲು ಶುರು ಮಾಡಿದರೆ ಒಳ್ಳೆಯದಂತೆ. ಆ ಔಷಧಿಯ ಹಿಂದೆ ಒಂದು ಒಳ್ಳೆಯ ಕತೆ ಇದೆ. 1960ರ ದಶಕದಲ್ಲಿ ರೋಜರ್ ಆಲ್ಟೂನ್ಯನ್ ಅನ್ನುವ ಡಾಕ್ಟರ್ ಇದ್ದರು, ಸ್ವತಃ ಆಸ್ತಮಾ ರೋಗಿ. ಗಿನಿಪಿಗ್ ಅಂದರೆ ಅವರಿಗೆ ಅಲರ್ಜಿ. ಹೊಸ ಔಷಧಿ ಕೆಲಸ ಮಾಡುತ್ತಾ ಅಂತ ನೋಡಲು ಗಿನಿಪಿಗ್‌ನ ಮೈಯ ಹೊಟ್ಟು ಕಲಸಿದ ನೀರನ್ನು ತಾವೇ ಉಸಿರಾಡಿ, ಬೇಕಂತಲೇ ಉಬ್ಬಸ ಬರಿಸಿಕೊಳ್ಳುತ್ತಿದ್ದರು. ಹೀಗೆ ನೂರಾರು ಸಲ. ನಾವಿಲ್ಲಿ ಒಂದು ಹನಿ ಉರಿಯಿತು ಅಂತ ಬಾಟಲಿ ಬದಲಿಸುತ್ತೇವೆ.

ಸರಿ, ಅಮ್ಮನ ಬ್ಯಾಗ್.

ಮನೆಗೆ ಬಂದ ಮೇಲೆ ಅಮ್ಮ ಅದನ್ನು ತಂದು ಟೇಬಲ್ ಮೇಲೆ ಇಟ್ಟಳು. ಬೆರಳುದ್ದದ ಬಾಟಲಿ, ಲೇಬಲ್ ಅರ್ಧ ಸವೆದಿತ್ತು. ಅವಳಿಗೂ ಕಣ್ಣಿನ ನವೆ ಹಳೆಯದೇ. ಅಟ್ಟ ಗುಡಿಸಿದರೆ ಶುರು, ಹಾಸಿಗೆ ಕೊಡವಿದರೆ ಶುರು. ಇಲ್ಲಿ ನಮ್ಮನೆಯ ಕಾರ್ಪೆಟ್ ಸಾಕಾಗಿತ್ತು. "ಇದೊಂದು ಹಾಕಿದ್ರೆ ಅರ್ಧ ದಿನಕ್ಕೆ ಎಲ್ಲಾ ಹೋಗತ್ತೆ. ನಮ್ಮ ಮೆಡಿಕಲ್ ಶಾಪಿನ ಹುಡುಗ ಒಳ್ಳೇವನು, ಡಾಕ್ಟರ್ ಹತ್ರ ಹೋಗೋದೇ ಬೇಡ. ಎರಡು ವರ್ಷದಿಂದ ಇದೇ."

ಫೋನಿನ ಬೆಳಕು ಬಿಟ್ಟು ಓದಿದೆ. ಕ್ಲೋರಂಫೆನಿಕಾಲ್, ಡೆಕ್ಸಮೆಥಸೋನ್. ಒಂದು ಆ್ಯಂಟಿಬಯೋಟಿಕ್, ಇನ್ನೊಂದು ಸ್ಟೆರಾಯ್ಡ್.

ಸ್ಟೆರಾಯ್ಡ್ ಹಾಕಿದರೆ ಹೋಗುತ್ತದೆ, ಅದರಲ್ಲಿ ಅಮ್ಮನ ಮಾತು ನಿಜ. ನವೆ, ಕೆಂಪು, ಊತ ಎಲ್ಲವನ್ನೂ ಅದು ಒಟ್ಟಿಗೆ ಅಡಗಿಸುತ್ತದೆ. ಅಲರ್ಜಿ ಜೋರಾದಾಗ ಕಣ್ಣಿನ ಡಾಕ್ಟರೂ ಕೊಡುತ್ತಾರೆ, ಕೆಲವು ದಿನಕ್ಕೆ, ಕಣ್ಣಿನ ಒತ್ತಡ ನೋಡಿಕೊಂಡು. ತಿಂಗಳುಗಟ್ಟಲೆ ಹಾಕಿದರೆ ಕೆಲವರ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಅದು ನೋಯುವುದಿಲ್ಲ, ಉರಿಯುವುದಿಲ್ಲ. ನರ ಸವೆದು ಪಕ್ಕದ ನೋಟ ಹೋಗುವ ತನಕ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಪೊರೆಯೂ, ಅಂದರೆ ಕ್ಯಾಟರ್ಯಾಕ್ಟ್, ಬೇಗ ಬರಬಹುದು. ಕಣ್ಣಿನಲ್ಲಿ ಹರ್ಪಿಸ್ ಸೋಂಕು ಇದ್ದರಂತೂ ಬೆಂಕಿಗೆ ತುಪ್ಪ. ಹಾಗಾಗಿಯೇ ಅಮೆರಿಕದ ಈ ನೂರು ಡಬ್ಬಿಗಳ ಸಾಲಿನಲ್ಲಿ ಸ್ಟೆರಾಯ್ಡ್ ಒಂದೂ ಇಲ್ಲ. ನಮ್ಮಲ್ಲೂ ಕಾನೂನು ಪ್ರಕಾರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಡಬ್ಬಿಯ ಮೇಲೆ ಕೆಂಪು ಗೆರೆ, ಆರ್‌ಎಕ್ಸ್ ಗುರುತು ಎರಡೂ ಇರುತ್ತವೆ. ಕೌಂಟರ್ ದಾಟಿ ಬರುವಾಗ ಆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ದನಿ ಏರಿಸಿದೆ. ಏರಿಸಬಾರದಿತ್ತು. ಎರಡು ತಿಂಗಳು ಕೆಂಪಿನ ಡ್ರಾಪ್ಸ್ ಹಾಕಿ ಕಣ್ಣು ಹಾಳು ಮಾಡಿಕೊಂಡವಳು ಅಮ್ಮನಿಗೆ ಪಾಠ ಹೇಳಲು ಹೊರಟಿದ್ದೆ.

"ನೀನೇನು ಡಾಕ್ಟ್ರಾ?" ಅಂದಳು ಅಮ್ಮ.

"ಅಲ್ಲ. ಅದಕ್ಕೇ ಡಾಕ್ಟರ್ ಹತ್ರ ಹೋಗೋಣ ಅಂತಿರೋದು."

ಮೂರು ದಿನದ ಮೇಲೆ ಹೋದೆವು. ಮೊದಲು ಕಣ್ಣಿಗೆ ಪುಸ್ ಅಂತ ಗಾಳಿ ಊದಿ ಒತ್ತಡ ನೋಡಿದರು. ಅಮ್ಮ ಕುರ್ಚಿಯಲ್ಲೇ ಬೆಚ್ಚಿಬಿದ್ದಳು. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು. ಅಮ್ಮನದು ಬಲಗಣ್ಣು 26, ಎಡಗಣ್ಣು 25. ಇನ್ನೊಂದು ಉಪಕರಣದಲ್ಲಿ ಮತ್ತೆ ನೋಡಿದರು, ಹೆಚ್ಚು ಕಡಿಮೆ ಅಷ್ಟೇ. ನರಕ್ಕೆ ಇನ್ನೂ ಏಟು ಬಿದ್ದಿರಲಿಲ್ಲ. ಡ್ರಾಪ್ಸ್ ನಿಲ್ಲಿಸಿ, ತಿಂಗಳು ಬಿಟ್ಟು ಬನ್ನಿ ಅಂದರು. ಕಾರಿನಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗನಿಗೂ ಗೊತ್ತಿರ್ಲಿಲ್ಲ ಬಿಡು, ಪಾಪ" ಅಂದಳು. ನನಗೆ ಆ ಪಾಪದಲ್ಲಿ ಪಾಲು ಕೊಡಲು ಮನಸ್ಸಾಗಲಿಲ್ಲ. ಏನೂ ಮಾತಾಡದೆ ಗಾಡಿ ಓಡಿಸಿದೆ.

ಆ ಒಂದು ತಿಂಗಳು ಅಮ್ಮ ಒಲೊಪಟಡಿನ್ ಹಾಕಿದಳು. ಮೊದಲ ನಾಲ್ಕು ದಿನ ಬರೀ ದೂರು. "ಇದು ನೀರು ಕಣೇ. ನಿನಗೆ ಮೋಸ ಮಾಡಿದಾರೆ." ಸ್ಟೆರಾಯ್ಡ್‌ನ ಜೋರಿಗೆ ಒಗ್ಗಿದ ಕಣ್ಣಿಗೆ ಇದು ಸಪ್ಪೆ ಅನ್ನಿಸಿರಬೇಕು. ನಾನು ಕಾರ್ಪೆಟ್ ಇಲ್ಲದ ಕೋಣೆಗೆ ಅವಳ ಮಂಚ ಹಾಕಿಸಿದೆ, ದಿಂಬಿನ ಕವರ್‌ಗಳನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆದೆ. ನನಗಾಗಿ ಹೊರಗಿನಿಂದ ಬಂದ ತಕ್ಷಣ ಮುಖ ತೊಳೆಯುವುದು, ಸಂಜೆಯೇ ತಲೆಗೆ ಸ್ನಾನ. ಕೂದಲಲ್ಲಿ ಹೊತ್ತು ತಂದ ಪರಾಗದ ಮೇಲೆ ರಾತ್ರಿಯಿಡೀ ಮಲಗುತ್ತಿದ್ದೆ ಅಂತ ಆಗ ಹೊಳೆಯಿತು. ಅಲರ್ಜಿ ಮಾತ್ರೆಯನ್ನೂ ಬಿಟ್ಟೆ, ಅದು ನನ್ನ ಕಣ್ಣನ್ನು ಒಣಗಿಸುತ್ತಿತ್ತು. ಬದಲಿಗೆ ಮಧ್ಯಾಹ್ನ ಒಂದು ಸಲ ಕೃತಕ ಕಣ್ಣೀರು, ಪ್ರಿಸರ್ವೇಟಿವ್ ಇಲ್ಲದ ಸಣ್ಣ ಕೊಳವೆಯದು. ಅದು ಪರಾಗವನ್ನು ತೊಳೆದೂ ಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಹಿತ.

ಅಮ್ಮನ ಕೊಡುಗೆ ತಣ್ಣೀರು ಬಟ್ಟೆ. ಊರಲ್ಲಾದರೆ ಅಂಗಳದ ನಂದಿಬಟ್ಟಲು ಹೂ ತಂದು ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದಳು, ಚಿಕ್ಕಂದಿನಲ್ಲಿ ನನಗೂ ಇಟ್ಟಿದ್ದಾಳೆ. ತಂಪಿನಿಂದ ರಕ್ತನಾಳ ಕುಗ್ಗುತ್ತವೆ, ನವೆ ತಗ್ಗುತ್ತದೆ, ಹಾಗಾಗಿ ಅದಕ್ಕೆ ನಾನು ಅಡ್ಡಿ ಹೇಳಲಿಲ್ಲ. ಕಣ್ಣಿನ ಒಳಗೆ ಜೇನು, ಹರಳೆಣ್ಣೆ, ಪನ್ನೀರು ಬಿಡುವುದಕ್ಕೆ ಮಾತ್ರ ಈಗಲೂ ನನ್ನ ಜಗಳ ಇದೆ.

ಹನಿ ಹಾಕುವುದನ್ನು ನಾವಿಬ್ಬರೂ ಹೊಸದಾಗಿ ಕಲಿತೆವು. ಇಷ್ಟು ವಯಸ್ಸಾದರೂ ಬರುತ್ತಿರಲಿಲ್ಲ ಅನ್ನಿ. ಕೆಳರೆಪ್ಪೆಯನ್ನು ಎಳೆದರೆ ಒಂದು ಸಣ್ಣ ಜೋಳಿಗೆ ಆಗುತ್ತದೆ. ಅದರೊಳಗೆ ಒಂದೇ ಹನಿ. ಕಣ್ಣಿಗೆ ಒಂದು ಹನಿಯನ್ನೇ ಪೂರ್ತಿ ಹಿಡಿಯಲು ಆಗುವುದಿಲ್ಲ, ಎರಡನೆಯದು ಕೆನ್ನೆಗೆ ಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯುವುದು. ಇಲ್ಲದಿದ್ದರೆ ಔಷಧಿ ಅಲ್ಲಿನ ಕೊಳವೆಯಿಂದ ಗಂಟಲಿಗೆ ಇಳಿದು ಬಾಯಿ ಕಹಿಯಾಗುತ್ತದೆ. ಬಾಟಲಿಯ ಮೂತಿ ಕಣ್ಣಿಗೆ, ಬೆರಳಿಗೆ ತಾಗಬಾರದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ. ಲೆನ್ಸ್ ತೆಗೆದು ಹಾಕಿ, ಹತ್ತು ನಿಮಿಷದ ಮೇಲೆ ಮತ್ತೆ ಲೆನ್ಸ್. ನಾನಂತೂ ಸೀಡರ್ ಕಾಲದಲ್ಲಿ ಲೆನ್ಸ್ ಪೆಟ್ಟಿಗೆಯನ್ನೇ ತೆಗೆಯುವುದಿಲ್ಲ. ಹಳೆ ಕನ್ನಡಕ, ಅದೂ ಪರಾಗಕ್ಕೆ ಒಂದು ಗೋಡೆ.

ಇದೆಲ್ಲ ಎರಡೂ ಕಣ್ಣು ನವೆಯಾಗಿ, ತೆಳ್ಳಗೆ ನೀರು ಸುರಿಯುವಾಗಿನ ಮಾತು. ಹಳದಿ ಗೀಜು ಬಂದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಅದು ಕಣ್ಣು ಬೇನೆ ಇರಬಹುದು, ಮದ್ರಾಸ್ ಐ ಅನ್ನುತ್ತೇವಲ್ಲ ಅದು. ನೋವಿದ್ದರೆ, ಬೆಳಕು ನೋಡಲು ಆಗದಿದ್ದರೆ, ನೋಟ ಮಂಜಾಗಿದ್ದರೆ ಡಬ್ಬಿ ಓದುತ್ತಾ ನಿಲ್ಲಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಂಗಡಿಯ ಡ್ರಾಪ್ಸ್ ಮೂರು ದಿನ ಹಾಕಿದರೂ ನವೆ ಬಗ್ಗದಿದ್ದರೂ ಅಷ್ಟೇ.

ತಿಂಗಳ ಮೇಲೆ ಅಮ್ಮನ ಒತ್ತಡ 18ಕ್ಕೆ ಇಳಿದಿತ್ತು. ಮಾರ್ಚ್‌ನಲ್ಲಿ, ಓಕ್ ಮರಗಳು ಶುರು ಹಚ್ಚಿಕೊಳ್ಳುವ ಹೊತ್ತಿಗೆ, ಊರಿಗೆ ಹೊರಟಳು. ತೆರೆದ ಬಾಟಲಿ ಒಂದು ತಿಂಗಳಿಗಿಂತ ಇಟ್ಟುಕೊಳ್ಳಬೇಡ, ಮುಗಿದಾಗ ಅಲ್ಲಿನ ಕಣ್ಣಿನ ಡಾಕ್ಟರ್ ಹತ್ತಿರ ಬರೆಸಿಕೋ, ಒಲೊಪಟಡಿನ್ ಅಲ್ಲೂ ಸಿಗತ್ತೆ ಅಂತ ಹೇಳಿ ಹೇಳಿ ಕಳಿಸಿದೆ. ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಹೆಸರು ಬರೆದು ಪರ್ಸಿಗೆ ಹಾಕಿದೆ.

ಕಳೆದ ವಾರ ಬೆಳಿಗ್ಗೆ ಆರೂವರೆಗೆ ವಾಟ್ಸಾಪ್ ಬಂತು. ಒಂದು ಫೋಟೊ, ಕೆಳಗೆ ಅಮ್ಮನ ಧ್ವನಿ. "ಡಾಕ್ಟ್ರು ಬರ್ಕೊಟ್ಟಿದ್ದು ಇವನ ಹತ್ರ ಇರ್ಲಿಲ್ಲ. ಎರಡೂ ಒಂದೇ ಅಮ್ಮಾ ಅಂತ ಬೇರೆ ಕೊಟ್ಟ. ನಾನು ದುಡ್ಡು ಕೊಟ್ಟಿಲ್ಲ, ಇಲ್ಲೇ ನಿಂತಿದೀನಿ. ಹಿಂದುಗಡೆದು ಫೋಟೊ ತೆಗ್ದಿದೀನಿ, ಓದಿ ಹೇಳು."

ಫೋಟೊ ಮಸುಕಾಗಿತ್ತು. ಅಮ್ಮನ ಹೆಬ್ಬೆರಳು ಹೆಸರಿನ ಮೇಲೇ ಇತ್ತು. ಬೆರಳು ತೆಗೆದು ಇನ್ನೊಂದು ಕಳಿಸು ಅಂದೆ.